ಮೈಕು ನಮ್ಮ ಸಾಲಿಗೆ ಬರುವ ಮುಂಚೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಒಂದು ಸೀಳು ನೆಟ್ಟಗಿದ್ದರೆ ಇನ್ನೊಂದು ಮೇಲಕ್ಕೆದ್ದು ಗಿಣಿ ಕೊಕ್ಕಿನ ಹಾಗೆ ಬಾಗಿತ್ತು. ಕಬ್ಬಿಣದ ಮಡಚುವ ಕುರ್ಚಿಗೆ ಬೆರಳು ಸಿಕ್ಕಿ ಆದ ಗಾಯ ಅಂತ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹೊಸದುರ್ಗದಲ್ಲಿ ನನ್ನದೊಂದು ವೆಲ್ಡಿಂಗ್ ಶಾಪು ಇದೆ. ಟ್ರ್ಯಾಕ್ಟರಿನ ಟ್ರೇಲರು, ಗೇಟು, ಕಿಟಕಿ ಸರಳು ಮಾಡಿಕೊಂಡು ಮೂವತ್ತು ವರ್ಷ ಕಬ್ಬಿಣದ ಜೊತೆಗೇ ಬದುಕಿದವನು ನಾನು. ಯಾವ ಗಾಯ ಯಾವ ಕಬ್ಬಿಣದ್ದು ಅಂತ ಕೈ ನೋಡಿ ಹೇಳಬಲ್ಲೆ. ಆ ಕೈಯನ್ನು ಒಂದು ದಿನ ನನ್ನ ಹೆಗಲ ಮೇಲಿಂದ ಕೊಡವಿ ಹಾಕಿದೆ. ಅದನ್ನು ಮೊದಲು ಹೇಳದೆ ಅವರ ಬಗ್ಗೆ ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ಅವರು ಚಿತ್ರದುರ್ಗದ ಒಂದು ಯೂನಿವರ್ಸಿಟಿ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. ಐಮಂಗಲದವರು. ದಿನಾ ಬೆಳಿಗ್ಗೆ ಹೈವೇಗೆ ಬಂದು ಬಸ್ಸು ಹತ್ತಿ, ಪ್ರಿನ್ಸಿಪಾಲರಿಗಿಂತ ಒಂದು ಗಂಟೆ ಮುಂಚೆ ಕಾಲೇಜಿನ ಬಾಗಿಲು ತೆಗೆಯುತ್ತಿದ್ದರಂತೆ. ಖಾಕಿ ಅಂಗಿ, ಹೆಗಲ ಮೇಲೊಂದು ಚೌಕಳಿ ಟವೆಲ್ಲು. ಯಾರೇ ಬರಲಿ, ಕೂರುವ ಮುಂಚೆ ಆ ಟವೆಲ್ಲಿನಿಂದ ಕುರ್ಚಿಯನ್ನು ಒಂದು ಸಲ ಒರೆಸಬೇಕು. ಕುರ್ಚಿ ಚೊಕ್ಕಟವಾಗಿದ್ದರೂ ಒರೆಸಬೇಕು. ದೊಡ್ಡ ಆಫೀಸರಿಗೆ ಎಷ್ಟು ಒರೆಸಿದರೋ, ಕಂಬಳಿ ಹೊದ್ದು ಮಗನ ಟಿಸಿ ಕೇಳಲು ಬಂದ ಮುದುಕನಿಗೂ ಅಷ್ಟೇ. ಸಭೆ ನಡೆಯುವ ಹಾಲಿನಲ್ಲಿ ಮೈಕ್ ಸರಿಯಾಗಿದೆಯಾ ಅಂತ ನೋಡುವಾಗ ಎಲ್ಲರ ಹಾಗೆ ಹಲೋ ಹಲೋ ಅನ್ನುತ್ತಿರಲಿಲ್ಲ. "ಹಿಂದಿನೋರಿಗೆ ಕೇಳ್ತೈತೇನ್ರಪ್ಪಾ?" ಅನ್ನುತ್ತಿದ್ದರು. ಹಿಂದಿನ ಸಾಲಿನಿಂದ ಯಾರಾದರೂ ಕೈ ಎತ್ತುವ ತನಕ ಮೈಕ್ ಕೆಳಗಿಡುತ್ತಿರಲಿಲ್ಲ. ಇದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ದೊಡ್ಡ ಮಗಳು ಹೇಳಿದ್ದು. ಅವಳು ಅವರನ್ನು ತಾತ ಅನ್ನುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಅವಳಿಗೆ ಅಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತು. ಕ್ಲಾಸು ಶುರುವಾಗುವ ಮುಂಚೆ ಒಂದು ದಿನ ಓರಿಯೆಂಟೇಶನ್, ಪೋಷಕರೂ ಬರಬೇಕು, ಬೆಳಿಗ್ಗೆಯಿಂದ ಸಂಜೆ ತನಕ ಅಂತ ಮೊಬೈಲಿಗೆ ಮೆಸೇಜು ಬಂತು. ಆ ಪದ ನನ್ನ ಬಾಯಿಗೆ ಹತ್ತಲಿಲ್ಲ. ಹತ್ತಲಿಲ್ಲ ಅಂತ ತೋರಿಸಿಕೊಳ್ಳಬಾರದು ಅಂತ 'ಆ ಪ್ರೋಗ್ರಾಮು' ಅನ್ನುತ್ತಿದ್ದೆ.

"ಇಡೀ ದಿನ ಏನವ್ವಾ ಹೇಳ್ತಾರೆ? ಹಾರ ಹಾಕ್ತಾರೆ, ದೀಪ ಹಚ್ತಾರೆ. ಕ್ಲಾಸು ಶುರುವಾದ್ರೆ ಎಲ್ಲಾ ತಾನೇ ಗೊತ್ತಾಗ್ತೈತೆ," ಅಂದೆ.

"ಫುಲ್ ಡೇ ಇರ್ಲೇಬೇಕಂತೆ ಅಪ್ಪ."

"ಸೈ ಹಾಕಿ ಬರಾಣ ಬಿಡು."

ನಮ್ಮ ಕಡೆ ಗ್ರಾಮಸಭೆ ಅಂದರೆ ಹಾಗೇ. ಹೋಗೋದು, ಪುಸ್ತಕದಲ್ಲಿ ಸೈ ಮಾಡೋದು, ಟೀ ಕುಡಿದು ಎದ್ದು ಬರೋದು. ಕೊನೆ ತನಕ ಕೂತವನಿಗೆ ಬೇರೆ ಕೆಲಸ ಇಲ್ಲ ಅಂತ ಅರ್ಥ. ನಾನು ಕೆಲಸ ಇರುವವನು. ಆ ಜಂಬ ನನಗೆ ಬಹಳ ಇತ್ತು. ಈಗಲೂ ಪೂರ್ತಿ ಹೋಗಿಲ್ಲ.

ಜಂಬದ ಕೆಳಗೆ ಒಂದು ಸುಳ್ಳಿತ್ತು. ನಾನು ಯಲ್ಲದಕೆರೆಯ ಕುರಿ ಕಾಯುವ ಮನೆಯವನು. ಆರನೇ ಕ್ಲಾಸಿನ ಅರ್ಧದಲ್ಲಿ ಸ್ಕೂಲು ಬಿಟ್ಟು ಕುರಿ ಹಿಂದೆ ಹೋದೆ. ಅಲ್ಲಿಂದ ಹೊಸದುರ್ಗಕ್ಕೆ ಬಂದು ವೆಲ್ಡಿಂಗ್ ಕಲಿತೆ. ಪೇಪರ್ ಓದಿ ಓದಿ ಅಕ್ಷರ ಉಳಿಸಿಕೊಂಡೆ, ಅಳತೆ, ಲೆಕ್ಕ ಎಲ್ಲಾ ಕೆಲಸದಲ್ಲೇ ಕಲಿತೆ. ಮಕ್ಕಳು ಸಣ್ಣವರಿದ್ದಾಗ ಒಂದು ದಿನ 'ಅಪ್ಪ, ನೀನೆಷ್ಟು ಓದಿದ್ದೀಯ?' ಅಂತ ಕೇಳಿದರು. ಪಿಯುಸಿ ಅಂದೆ. ಯಾಕೆ ಹಾಗೆ ಬಾಯಿಗೆ ಬಂತೋ ಗೊತ್ತಿಲ್ಲ. ನನ್ನ ಹೆಂಡತಿ ಒಲೆಯ ಮುಂದಿಂದ ಒಂದು ಸಲ ತಿರುಗಿ ನೋಡಿ, ಮತ್ತೆ ರೊಟ್ಟಿ ತಟ್ಟಿದಳು. ಅವತ್ತಿಂದ ನಾನು ನನ್ನ ಮನೆಯಲ್ಲಿ ಪಿಯುಸಿ ಓದಿದವನು.

ಆ ದಿನ ಬೈಕಿನಲ್ಲಿ ಬೇಗ ಹೊರಟೆವು. ಕಾಲೇಜಿನ ಬಾಗಿಲಲ್ಲಿ ಒಂದು ಟೇಬಲ್ಲು, ಅದರ ಮೇಲೆ ಫಾರಂ. ಪೆನ್ನು ತಂದಿರಲಿಲ್ಲ. ಖಾಕಿ ಅಂಗಿಯವರು ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಆಗಲೇ ನಾನು ಆ ಸೀಳು ಉಗುರು ನೋಡಿದ್ದು. ಮಗಳು ತುಂಬುತ್ತಾ ಬಂದಳು. ಹೆಸರು, ಊರು, ತಂದೆಯ ಉದ್ಯೋಗ. ಆಮೇಲೆ ತಂದೆಯ ವಿದ್ಯಾರ್ಹತೆ. ನನ್ನನ್ನು ಕೇಳಲೂ ಇಲ್ಲ, ಪಿ.ಯು.ಸಿ. ಅಂತ ದುಂಡಗೆ ಬರೆದಳು. ನಾನು ಫ್ಯಾನ್ ನೋಡುತ್ತಾ ನಿಂತೆ. ಅವರು ನನ್ನನ್ನು ನೋಡುತ್ತಿದ್ದರು ಅಂತ ಈಗ ಅನ್ನಿಸುತ್ತದೆ.

ಐದನೇ ಸಾಲಿನಲ್ಲಿ ಎರಡು ಕುರ್ಚಿ ಒರೆಸಿ ಕೂರಿಸಿದರು. ದೀಪ ಹಚ್ಚಿದರು, ಹಾರ ಹಾಕಿದರು, ಭಾಷಣ ಆಯಿತು. 'ನೋಡ್ದಾ, ನಾನು ಹೇಳ್ಲಿಲ್ವಾ?' ಅಂತ ಮಗಳ ಕಿವಿಯಲ್ಲಿ ಅಂದೆ. ಅವಳು, 'ಸುಮ್ನಿರಪ್ಪ,' ಅಂದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಬೆನ್ನಿಗೆ ಗುದ್ದಿದರು.

"ಏನ್ಲೇ, ಮಾತಾಡ್ಸಂಗಿಲ್ವೇನ್ಲೇ? ಟ್ರೇಲರ್ ಮಾಡಿ ಮಾಡಿ ದೊಡ್ಡ ಮನುಷ್ಯ ಆಗ್ಬಿಟ್ಯಾ?"

ತಿರುಗಿ ನೋಡಿದರೆ ಯಲ್ಲದಕೆರೆಯವನು. ಆರನೇ ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂತವನು. ನಾನು ಸ್ಕೂಲು ಬಿಟ್ಟ ದಿನ ನನ್ನ ಸ್ಲೇಟು ಇಸಕೊಂಡವನೂ ಅವನೇ. ತನ್ನ ಮಗನನ್ನು ಸೇರಿಸಲು ಬಂದಿದ್ದ. ಒಂದು ನಗೆ ನಕ್ಕು ಮುಂದೆ ತಿರುಗಿಬಿಟ್ಟೆ.

ಆಗಲೇ ಒಬ್ಬ ಮೇಡಮ್ ಮೈಕ್ ಹಿಡಿದು ಕೆಳಗಿಳಿದು ಬಂದರು. "ಇಲ್ಲೀತನಕ ನಾವು ಮಾತಾಡಿದ್ವಿ, ಈಗ ಪೋಷಕರು ಮಾತಾಡಬೇಕು. ನಿಮ್ಮ ಹೆಸರು, ಊರು, ಏನು ಕೆಲಸ, ಎಷ್ಟು ಓದಿದ್ದೀರಿ, ಅಷ್ಟು ಹೇಳಿ. ಯಾರೂ ನಾಚಿಕೋಬೇಡಿ," ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಮೈಕು ಮೊದಲ ಸಾಲಿನಿಂದ ಶುರುವಾಯಿತು. ಒಬ್ಬ ಮೇಷ್ಟ್ರು ಎದ್ದು ಎಂ.ಎ. ಅಂದರು. ಒಬ್ಬ ಹೆಂಗಸು ಎಸ್ಸೆಲ್ಸಿ ಫೇಲು ಅಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮೈಕು ಎರಡನೇ ಸಾಲಿಗೆ ಬಂತು. ಆರನೇ ಕ್ಲಾಸು ಅಂದರೆ ಪಕ್ಕದಲ್ಲಿ ಮಗಳು. ಪಿಯುಸಿ ಅಂದರೆ ಹಿಂದೆ ಯಲ್ಲದಕೆರೆಯವನು. ಅವನು ಕೆಟ್ಟವನಲ್ಲ, ಆದರೆ ಬಾಯಿ ಸುಮ್ಮನಿರಲ್ಲ. 'ಯಾವಾಗ್ಲೇ ಪಿಯುಸಿ ಓದ್ದೆ?' ಅಂತ ಕೂಗಿಯೇ ಕೂಗುತ್ತಾನೆ, ಇಡೀ ಸಭೆ ನಗುತ್ತದೆ. ಮೈಕು ಮೂರನೇ ಸಾಲಿಗೆ ಬಂತು.

"ಏಳವ್ವ, ಹೋಗಾಣ," ಅಂದೆ.

"ಎಲ್ಲಿಗಪ್ಪ?"

"ಟ್ರೇಲರ್ ಡೆಲಿವರಿ ಐತೆ ಅಂದಿದ್ನಲ್ಲ, ಏಳು."

ನಾನು ಅಂದಿರಲಿಲ್ಲ. ಅವತ್ತು ಯಾವ ಡೆಲಿವರಿಯೂ ಇರಲಿಲ್ಲ.

ಬಾಗಿಲಲ್ಲಿ ಅವರು ಅಡ್ಡ ನಿಂತಿದ್ದರು. "ಯಾಕ್ರಿ ಯಜಮಾನ್ರೆ, ಎಲ್ಲಿಗ್ ಹೊಂಟ್ರಿ? ಕಾರ್ಯಕ್ರಮ ಇನ್ನೂ ಐತೆ."

"ಕೆಲ್ಸ ಐತೆ, ಟ್ರೇಲರ್ ಡೆಲಿವರಿ."

"ಊಟ ಆದ್ಮೇಲೆ ವಾರ್ಡನ್ ಮೇಡಮ್ ಬರ್ತಾರೆ. ಹಾಸ್ಟೆಲ್ ಬೇಕಾದೋರ ಹೆಸ್ರು ಇಲ್ಲೇ ಬರ್ಕಳಾದು. ಯಾವೂರವ್ವ ನಿಂದು?"

"ಹೊಸದುರ್ಗ, ತಾತ," ಅಂದಳು ಮಗಳು.

"ಹೊಸದುರ್ಗದಿಂದ ದಿನಾ ಬಸ್ಸಲ್ಲಿ ಬಂದು ಹೋಗಿ ಓದಾಕಾಗ್ತೈತಾ? ಕುಂತ್ಕಳ್ರಿ ಯಜಮಾನ್ರೆ. ಸಂಜೆ ತಂಕ ಕುಂತ್ಕಳ್ರಿ." ಹಾಗಂದು ನನ್ನ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತಿದರು, ಕೂಸನ್ನು ಕೂರಿಸುವ ಹಾಗೆ.

ಹಿಂದೆ ಮೈಕಿನಲ್ಲಿ ಯಾರೋ ಡಿಪ್ಲೊಮಾ ಅನ್ನುತ್ತಿದ್ದರು. ನಾನು ಆ ಕೈ ಕೊಡವಿದೆ.

"ಕೈ ತೆಗಿ. ಬೆಲ್ ಹೊಡೆಯೋನು ನೀನು. ನಿಂಗೇನ್ ಗೊತ್ತೈತೆ ಓದಿನ ವಿಷ್ಯ? ನನ್ ಮಗಳ ಓದು ನಾನ್ ನೋಡ್ಕಂತೀನಿ."

ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ನೀನು ಅಂದೆ. ಈಗ ಬರೆಯುವಾಗ ಅವರು, ಅವರು ಅಂತ ಬರೆಯುತ್ತಿದ್ದೇನಲ್ಲ, ಒಂದೊಂದು ಸಲ ಬರೆಯುವಾಗಲೂ ಆ 'ನೀನು' ಅಡ್ಡ ಬರುತ್ತದೆ.

ಅವರು ಸಿಟ್ಟಾಗಲಿಲ್ಲ. ಒಂದು ಸಲ ಮೈಕಿನ ಕಡೆ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. "ಆತು, ಹೋಗ್ಬರ್ರಿ," ಅಂದು ದಾರಿ ಬಿಟ್ಟರು. ಆಮೇಲೆ ಮಗಳನ್ನು ಕೇಳಿದರು: "ನಿನ್ ಹೆಸ್ರೇನವ್ವ?" ಅವಳು ಹೇಳಿದಳು.

ಹೊಳಲ್ಕೆರೆಯಲ್ಲಿ ಟೀಗೆ ಅಂತ ಬೈಕ್ ನಿಲ್ಲಿಸಿದೆ. ನನಗೆ ಬೇಡ ಅಂದಳು. ನಾನು ಅರ್ಧ ಟೀ ಕುಡಿದಾಗ ಕೇಳಿದಳು: "ಆ ತಾತ ನಿಂಗೇನಪ್ಪ ಮಾಡಿತ್ತು?" ನಾನು ಗ್ಲಾಸು ಇಟ್ಟು ಬೈಕ್ ಸ್ಟಾರ್ಟ್ ಮಾಡಿದೆ.

ಮುಂದಿನ ವಾರ ಅವಳು ಒಬ್ಬಳೇ ಬಸ್ಸಿನಲ್ಲಿ ಕಾಲೇಜಿಗೆ ಹೋದಳು. ವಾರ್ಡನ್ ಕಾಲು ಹಿಡಿದಾದರೂ ಹಾಸ್ಟೆಲ್ ಕೇಳುತ್ತೀನಿ ಅಂತ ಹೋದವಳು. ಮಧ್ಯಾಹ್ನವೇ ಫೋನ್ ಮಾಡಿದಳು, ದನಿಯಲ್ಲಿ ನಗು ತುಂಬಿತ್ತು.

"ಅಪ್ಪ, ನನ್ ಹೆಸ್ರು ಲಿಸ್ಟಲ್ಲಿ ಮೊದ್ಲೇ ಐತೆ! ನಾವು ಹೋದ್ಮೇಲೆ ಆ ತಾತ ನಮ್ ಕುರ್ಚಿ ಮೇಲೆ ಟವೆಲ್ ಹಾಕಿ ಹಿಡ್ಕಂಡಿತ್ತಂತೆ. ಮೈಕು ಅಲ್ಲಿಗ್ ಬಂದಾಗ ತಾತನೇ ಇಸ್ಕಂಡು, 'ಇಲ್ಲಿ ಕುಂತಿದ್ದೋರು ಹೊಸದುರ್ಗದೋರು, ಕೆಲ್ಸದ ಮನುಷ್ಯ, ಅರ್ಜೆಂಟ್ ಹೋಗ್ಯಾರೆ' ಅಂತ ಹೇಳ್ತಂತೆ. ಊಟ ಆದ್ಮೇಲೆ ವಾರ್ಡನ್ ಮೇಡಮ್ ಹತ್ರ ನಿಂತು ನನ್ ಹೆಸ್ರು ಬರೆಸೈತೆ. ನೀನೇನಾದ್ರೂ ಹೇಳಿದ್ಯಾ ಅಪ್ಪ ತಾತಂಗೆ?"

ಆಗ ನಾನು ಏನು ಹೇಳಬೇಕಿತ್ತು ಅಂತ ಯಾರಿಗಾದರೂ ಗೊತ್ತಾಗುತ್ತದೆ. ನಾನು ಹೇಳಿದ್ದು ಇದು: "ಹೂಂ. ನಿನ್ನ ಗೇಟಲ್ಲಿ ನಿಲ್ಸಿ ಬೈಕ್ ತರಾಕೆ ಹೋದಾಗ ಹೇಳ್ಬಂದಿದ್ದೆ."

ಪಿಯುಸಿ ಅನ್ನುವ ಸುಳ್ಳು ತಾನಾಗೇ ಬಾಯಿಗೆ ಬಂದದ್ದು. ಇದನ್ನು ನಾನು ಗೊತ್ತಿದ್ದೂ ಹೇಳಿದೆ. ಅವಳು ಅಷ್ಟಕ್ಕೇ ಬಿಡದೆ ಅವರ ಹತ್ತಿರ ಹೋಗಿ, "ಅಪ್ಪ ಹೇಳಿದ್ರಂತೆ ತಾತ, ಥ್ಯಾಂಕ್ಸ್," ಅಂದಿದ್ದಾಳೆ. ಅವರು "ಹೂಂ ಕಣವ್ವ, ಹೇಳಿದ್ರು," ಅಂದರಂತೆ.

ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೆಂಡತಿ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟು, ಕೊಟ್ಟು ಬಾ ಅಂದಳು. ಹೋದೆ. ಮಗಳು ಕ್ಲಾಸಿನಲ್ಲಿದ್ದಳು. ಆಫೀಸಿನ ವರಾಂಡದಲ್ಲಿ ಅವರು ನನ್ನನ್ನು ಕಂಡದ್ದೇ ಹೆಗಲ ಟವೆಲ್ಲು ತೆಗೆದು ಕುರ್ಚಿ ಒರೆಸಿದರು.

"ಬರ್ರಿ ಯಜಮಾನ್ರೆ. ಕುಂತ್ಕಳ್ರಿ."

ಕೂತೆ. ಕಬ್ಬಿಣದ ಕುರ್ಚಿ, ಹಿಂದಿನ ಕಾಲಿನ ಬೆಸುಗೆ ಬಿಡುತ್ತಾ ಇತ್ತು. ಅದನ್ನೇ ನೋಡುತ್ತಾ ಅಂದೆ: "ಮಗಳಿಗೆ ನಾನು ಹೇಳ್ಬಂದಿದ್ದೆ ಅಂತ ಅಂದ್ಬಿಟ್ಟೆ... ನಾನೇನೂ ಹೇಳಿರ್ಲಿಲ್ಲ."

"ಹೇಳಿದ್ರಲ್ಲ," ಅಂದರು ಅವರು. "ಎದ್ದು ಹೋಗೋವಾಗ ನಿಮ್ ಮುಖ ಹೇಳ್ತು ಬಿಡ್ರಿ. ಮೈಕು ನಿಮ್ ಸಾಲಿಗೆ ಬರೋ ಮುಂಚೆ ಎದ್ರಿ. ನಾನು ವರ್ಷ ವರ್ಷಾನೂ ನೋಡ್ತೀನಿ. ಒಬ್ರಿಗೆ ಫೋನ್ ಬಂದ್ಬಿಡ್ತೈತೆ, ಒಬ್ರಿಗೆ ಹೊಟ್ಟೆನೋವು ಬಂದ್ಬಿಡ್ತೈತೆ. ನಿಮಗೆ ಟ್ರೇಲರ್ ಬಂತು."

ನಗು ಬಂತು, ನಗಲಾರದೆ ಕೂತೆ. ಅವರೇ ನಕ್ಕರು. ನಕ್ಕಾಗ ಮೇಲಿನ ಒಂದು ಹಲ್ಲು ಇರಲಿಲ್ಲ.

"ನನ್ ಮಗಳೂ ಇಲ್ಲೇ ಓದಿದ್ದು ಕಣ್ರಿ," ಅಂದರು. "ಅವತ್ತು ನಾನೇ ಕುರ್ಚಿ ಹಾಕಿ, ನಾನೇ ಮೈಕ್ ಕಟ್ಟಿ, ಹೋಗಿ ಅವಳ ಪಕ್ಕ ಕುಂತೆ, ಇದೇ ಖಾಕಿ ಅಂಗೀಲಿ. ಮೈಕು ಬಂತು. ನಂಗೂ ಎದ್ದು ಹೋಗಾಣ ಅನ್ನಿಸ್ತು. ಇದೇ ಕಾಲೇಜಿನ ಜವಾನ, ಮೂರನೇ ಕ್ಲಾಸು, ಅಂದೆ."

"ಆಮೇಲೆ?"

"ಆಮೇಲೇನು? ಮೈಕು ಮುಂದಕ್ಕೋಯ್ತು. ಅಷ್ಟೇ ಕಣ್ರಿ."

ಇಡೀ ದಿನ ಕೂರಿಸುತ್ತಾರಲ್ಲ, ಅದರಿಂದ ಏನಾದರೂ ಉಪಯೋಗ ಇದೆಯಾ ಅಂತ ಕೇಳಿದೆ. ಮಾತು ತಿರುಗಿಸಲು ಕೇಳಿದ್ದು. ಅವರು ಯೋಚನೆ ಮಾಡಿ ಹೇಳಿದರು: "ನಿಜ ಹೇಳ್ಬೇಕಂದ್ರೆ ಇಡೀ ದಿನದಾಗೆ ಅರ್ಧ ಗಂಟೆ ನಿಮ್ದು. ಮಿಕ್ಕಿದ್ದು ಹಾರದ್ದು. ಆದ್ರೆ ಆ ಅರ್ಧ ಗಂಟೆ ಯಾವಾಗ ಬರ್ತೈತೆ ಅಂತ ನನಗೂ ಗೊತ್ತಿಲ್ಲ, ಪ್ರಿನ್ಸಿಪಾಲ್‌ಗೂ ಗೊತ್ತಿಲ್ಲ. ಅದಕ್ಕೇ ಸಂಜೆ ತಂಕ ಕುಂತ್ಕಳ್ರಿ ಅಂತೀನಿ."

ನಮ್ಮ ಕೆಲಸದಲ್ಲಿ ಟ್ಯಾಕ್ ಅಂತ ಒಂದಿದೆ. ಎರಡು ಪಟ್ಟಿ ಸೇರಿಸುವಾಗ ಮೊದಲು ನಾಲ್ಕು ಕಡೆ ಸಣ್ಣ ಚುಕ್ಕೆ ಬೆಸುಗೆ ಹಾಕಿ, ನೆಟ್ಟಗಿದೆಯಾ ಅಂತ ನೋಡಬೇಕು. ಅದು ಬಿಟ್ಟು ಒಂದೇ ಸಲಕ್ಕೆ ಪೂರ್ತಿ ಬೆಸುಗೆ ಎಳೆದರೆ ಕಾವಿಗೆ ಕಬ್ಬಿಣ ಸೊಟ್ಟ ಆಗುತ್ತದೆ, ಆಮೇಲೆ ಎಷ್ಟು ಬಡಿದರೂ ನೆಟ್ಟಗಾಗಲ್ಲ. ಟ್ಯಾಕ್ ಹಾಕದೆ ಬೆಸುಗೆ ಎಳೆದವರನ್ನು ನಾನು ಬೈಯದ ದಿನ ಇಲ್ಲ. ಆ ನಾನೇ ಮಗಳನ್ನು ಟ್ಯಾಕ್ ಹಾಕುವ ದಿನ ಎಬ್ಬಿಸಿಕೊಂಡು ಬಂದಿದ್ದೆ. ಅದು ಅಲ್ಲಿ ಕೂತಾಗ ತಲೆಗೆ ಹೋಯಿತು.

ತಪ್ಪಾಯ್ತು ಅನ್ನಬೇಕಿತ್ತು. ಅವತ್ತು ನಿಮ್ಮನ್ನು ನೀನು ಅಂದೆ, ಕೈ ಕೊಡವಿದೆ, ತಪ್ಪಾಯ್ತು. ಹೇಳಬೇಕು ಅಂತ ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ಅವರು ಗೋಡೆಯ ಗಡಿಯಾರ ನೋಡಿ, "ಬೆಲ್ ಹೊಡೀಬೇಕು ಕಣ್ರಿ, ಬಂದೆ," ಅಂದು ಎದ್ದರು. ಬೆಲ್ ಹೊಡೆಯೋನು ನೀನು ಅಂದಿದ್ದೆನಲ್ಲ, ಆ ಬೆಲ್ಲು ಹೊಡೆಯಿತು. ಹುಡುಗರು ಹುಡುಗಿಯರು ವರಾಂಡ ತುಂಬಿದರು. ಮಗಳು ಬಂದು ರೊಟ್ಟಿ ಗಂಟು ಇಸಕೊಂಡಳು. ನಾನು ಹೊರಟುಬಂದೆ.

ಆಮೇಲೂ ಹೋದಾಗಲೆಲ್ಲ ಅವರು ಕುರ್ಚಿ ಒರೆಸಿದರು, ನಾನು ಕೂತೆ, ಮಳೆ ಬೆಳೆ ಮಾತಾಡಿದೆವು. ಒಂದು ಸಲ ವೆಲ್ಡಿಂಗ್ ಸೆಟ್ಟನ್ನು ಆಟೋದಲ್ಲಿ ಹೇರಿಕೊಂಡು ಹೋಗಿ ಹಾಲಿನ ಮುರುಕು ಕುರ್ಚಿಗಳನ್ನೆಲ್ಲ ಬೆಸೆದು ಕೊಟ್ಟೆ. ಅವರು ಒಂದೊಂದೇ ಕುರ್ಚಿ ಬಿಡಿಸಿ, ಮಡಚಿ, ಮೇಲೆ ಕೂತು ನೋಡಿ, "ಗಟ್ಟಿ ಆದ್ವು," ಅಂದರು. ಅದರಲ್ಲೇ ತಪ್ಪೊಪ್ಪಿಕೊಂಡ ಹಾಗಾಯಿತು ಅಂದುಕೊಂಡೆ. ಆಗಿರಲಿಲ್ಲ. ಬಾಯಲ್ಲಿ ಅಂದದ್ದನ್ನು ಬಾಯಲ್ಲೇ ವಾಪಸ್ ತಗೋಬೇಕಿತ್ತು.

ಮಗಳು ಕೊನೇ ವರ್ಷದಲ್ಲಿದ್ದಾಗ ಅವರು ರಿಟೈರ್ ಆದರು. ವರ್ಷ ತುಂಬುವ ಮುಂಚೆ ಹೋಗಿಬಿಟ್ಟರು. ಬೆಳಿಗ್ಗೆ ಮಗಳ ಫೋನ್ ಬಂತು. "ನೀನೂ ಬಾ ಅಪ್ಪ," ಅಂದಳು. ಶಾಪಿಗೆ ಬೀಗ ಹಾಕಿ ಹೋದೆ. ಅವತ್ತು ಡೆಲಿವರಿ ನಿಜವಾಗಿಯೂ ಇತ್ತು.

ಐಮಂಗಲದಲ್ಲಿ ಹೈವೇಯಿಂದ ಸ್ವಲ್ಪ ಒಳಗೆ ಮನೆ. ಅಂಗಳದಲ್ಲಿ ಮಲಗಿಸಿದ್ದರು. ಕೈ ಎದೆ ಮೇಲಿತ್ತು. ಹಾರದ ಕೆಳಗಿಂದ ಆ ಸೀಳು ಉಗುರು ಕಾಣುತ್ತಿತ್ತು. ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ಅವರ ಮಗಳು, ಈಗ ಹೈಸ್ಕೂಲಿನಲ್ಲಿ ಟೀಚರು, ಕಣ್ಣೊರೆಸಿಕೊಂಡು ಕೇಳಿದಳು: "ನೀವು ಯಾರು ಅಂತ ಗೊತ್ತಾಗ್ಲಿಲ್ಲ..."

ನಾನು ಬಾಯಿ ತೆಗೆಯುವುದರೊಳಗೆ ನನ್ನ ಮಗಳು ಹೇಳಿದಳು: "ನಮ್ಮಪ್ಪ. ನನ್ನ ಹಾಸ್ಟೆಲ್ ವಿಷ್ಯ ತಾತಂಗೆ ಹೇಳಿದ್ದು ಇವ್ರೇ. ತಾತ ನಮ್ಮಪ್ಪನ ಮಾತು ನಡೆಸ್ಕೊಟ್ರು."

ಸತ್ತವರ ಮುಂದೆ ನಿಂತಿದ್ದೆ. ಅವರ ಮಗಳು ಕೈ ಮುಗಿದಳು. ನಾನು ತಲೆ ಆಡಿಸಿದೆ. ಹೂಂ ಅಂತ ಆಡಿಸಿದೆ.

ಈ ವರ್ಷ ಎರಡನೇ ಮಗಳು ಅದೇ ಕಾಲೇಜು ಸೇರಿದಳು. ಮತ್ತೆ ಓರಿಯೆಂಟೇಶನ್. ಹೋಗುವ ಮುಂಚೆ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡೆ. ಮೈಕು ಬರಲಿ. ಯಲ್ಲದಕೆರೆಯವನು, ಆರನೇ ಕ್ಲಾಸಿನ ಅರ್ಧ, ಅನ್ನುತ್ತೇನೆ. ಬೈಕಿನ ಮೇಲೆ ಬಾಯಿಪಾಠ ಮಾಡಿಕೊಂಡೆ. ಐದನೇ ಸಾಲಿನಲ್ಲೇ ಕೂತೆ. ಕುರ್ಚಿಯ ಕಾಲು ಮುಟ್ಟಿ ನೋಡಿದೆ, ನನ್ನದೇ ಬೆಸುಗೆ. ದೀಪ, ಹಾರ, ಭಾಷಣ, ಊಟ, ಮತ್ತೆ ಭಾಷಣ. ಸಂಜೆ ತನಕ ಕೂತೆ, ನೀರಿಗೂ ಏಳಲಿಲ್ಲ. ಮೈಕು ಕೆಳಗೆ ಇಳಿಯಲೇ ಇಲ್ಲ. ಹೊಸ ಅಟೆಂಡರನ್ನು ಕೇಳಿದೆ: "ಪೋಷಕರು ಪರಿಚಯ ಹೇಳೋದು ಇಲ್ವಾ?"

"ಅದು ಈಗ ಮೊಬೈಲಲ್ಲೇ ಸರ್. ಫಾರಂ ಕಳಿಸಿರ್ತಾರೆ, ತುಂಬಿದ್ರೆ ಆಯ್ತು."

ಮಗಳ ಕಡೆ ತಿರುಗಿದೆ. "ಬೆಳಿಗ್ಗೆನೇ ತುಂಬಿದೆ ಅಪ್ಪ," ಅಂದಳು. "ನಿಂದು ಪಿಯುಸಿ ಅಲ್ವಾ? ಹಾಕಿ ಕಳ್ಸಿದೆ."

ಅಲ್ಲೇ ಹೇಳಬಹುದಿತ್ತು. ಸಾಲು ಸಾಲಾಗಿ ಜನ ಏಳುತ್ತಿದ್ದರು, ಕುರ್ಚಿ ಮಡಚುವ ಸದ್ದು. ಹೇಳಲಿಲ್ಲ. ಇಡೀ ದಿನ ಕೂತರೂ ನನ್ನ ಅರ್ಧ ಗಂಟೆ ಬರಲಿಲ್ಲ. ಅದು ನಾಲ್ಕು ವರ್ಷದ ಹಿಂದೆಯೇ ನನ್ನ ಹೆಗಲ ಮೇಲೆ ಕೈ ಇಟ್ಟು, ಕುಂತ್ಕಳ್ರಿ ಅಂದು, ಹೋಗಿತ್ತು.

ಅದಕ್ಕೇ ಇದನ್ನು ಬರೆದೆ. ಇಬ್ಬರು ಮಕ್ಕಳೂ ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆದೆ. ಹಾಸ್ಟೆಲ್ ವಿಷಯ ನಾನು ಯಾರಿಗೂ ಹೇಳಿರಲಿಲ್ಲ ಕಣವ್ವ. ಆ ತಾತನನ್ನು 'ನೀನು' ಅಂದು, ಕೈ ಕೊಡವಿ, ಹೆದರಿ ಓಡಿ ಬಂದಿದ್ದೆ. ಹೆಸರು ಬರೆಸಿದ್ದು ಅವರೇ, ನನ್ನ ಮಾನ ಉಳಿಸಿದ್ದೂ ಅವರೇ. ನಾನು ಯಲ್ಲದಕೆರೆಯ ಕುರಿ ಕಾಯುವ ಮನೆಯವನು, ಹೊಸದುರ್ಗದಲ್ಲಿ ವೆಲ್ಡಿಂಗ್ ಕೆಲಸ. ಓದಿದ್ದು ಆರನೇ ಕ್ಲಾಸು, ಅದೂ ಅರ್ಧ.

ಹಿಂದಿನೋರಿಗೆ ಕೇಳಿಸಿತು ಅಂದುಕೊಳ್ಳುತ್ತೇನೆ. ಮೈಕು ಮುಂದಕ್ಕೆ ಕೊಡ್ರಿ.